ಎದುರು ಬಾಲ್ಕನಿಯ ಹಗ್ಗ

ಗ್ರನಾಡಾ, ಶನಿವಾರ

ಮೊಂತೊರೊ ಸ್ಮಾರಕ ಭವನದ ಮೇಲ್ವಿಚಾರಕರಾದ ದೋನ್ ಫೆರ್ಮಿನ್ ಅವರಿಗೆ,

ನಾನು ಬಾಲ್ಕನಿಯಲ್ಲಿ ಒಣಹಾಕುವ ಬಟ್ಟೆಯಿಂದ ಪ್ರವಾಸಿಗರ ಫೋಟೊ ಕೆಡುತ್ತದೆ, ನನ್ನ ಹಾಡಿನಿಂದ ಮಹಾನ್ ಸಂಗೀತಗಾರರ ಮನೆಯ ಮೌನ ಕದಡುತ್ತದೆ ಎಂದು ಬರೆದಿದ್ದೀರಿ. ಓದಿದೆ. ಹಗ್ಗ ಬಿಚ್ಚುವುದಿಲ್ಲ.

ನಿಮ್ಮ ಗೈಡ್ ದಿನಾ ಬೀದಿಯಲ್ಲಿ ನಿಂತು ಕೂಗುತ್ತಾಳೆ: "ನೋಡ್ರೀ, ಎದುರು ಬಾಲ್ಕನೀಲಿ ಬಟ್ಟೆ ಹರವ್ತಿದ್ದ ಯಾವಳೋ ಹೆಂಗಸಿನ ಹಾಡು ಕೇಳಿ ಮೊಂತೊರೊ ತಮ್ಮ ದೊಡ್ಡ ಗಿಟಾರ್ ಕೃತಿ ಬರೆದ್ರು!"

ಆ ಯಾವಳೋ ನನ್ನ ಅಜ್ಜಿ, ರೆಮೆದಿಯೋಸ್. ಬಾಲ್ಕನಿ ಇದೇ.

ಮೊಂತೊರೊ ಕೂಡ ಒಮ್ಮೆ "ಸ್ವಲ್ಪ ಮೆಲ್ಲಗೆ ಹಾಡಮ್ಮ" ಅಂದಿದ್ದರಂತೆ. "ಕಿಟಕಿ ಹಾಕ್ಕೊಳ್ಳಿ ಸ್ವಾಮಿ" ಅಂದಳಂತೆ ಅಜ್ಜಿ. ಅವರು ಹಾಕಿಕೊಳ್ಳಲಿಲ್ಲ. ಅದಕ್ಕೇ ಆ ಕೃತಿ ಹುಟ್ಟಿತು, ಇವತ್ತು ನಿಮಗೊಂದು ನೌಕರಿಯಿದೆ.

ಸೋಮವಾರ ಚಾದರಗಳನ್ನು ಒಗೆದು, ಹಾಡುತ್ತಾ ಹರವುತ್ತೇನೆ. ಪ್ರವಾಸಿಗರನ್ನು ಬೇಗ ಬರಹೇಳಿ. ನಿಮಗೆ ಬೇಡವಾದರೆ, ಕಿಟಕಿ ಹಾಕ್ಕೊಳ್ಳಿ ಸ್ವಾಮಿ.

ಇಂತಿ,
ರೆಮೆದಿಯೋಸಳ ಮೊಮ್ಮಗಳು
ಅಂಗುಸ್ತಿಯಾಸ್