ನಾಲಿಗೆಗೆ ಸಿಕ್ಕ ಕೆಲಸ

೨೧-೩-೧೯೯೮, ಶನಿವಾರ

ಕದ್ದು ಓದುವವರೇ, ನಾಚಿಕೆಯಿಲ್ಲವೇ? ಪುಸ್ತಕ ಮುಚ್ಚಿ! ಇದು ನನಗೂ ಯೇಸುಸ್ವಾಮಿಗೂ ನಡುವಿನ ಮಾತು.

ಸ್ವಾಮಿ, ನನ್ನನ್ನು ಯಾವ ಕೆಲಸಕ್ಕೆ ಹುಟ್ಟಿಸಿದೆ ಎಂದು ಎಷ್ಟು ವರ್ಷ ಕೇಳಿದೆ! ಈ ಹರಿತ ನಾಲಿಗೆಯನ್ನು ಪಾಪವೆಂದು ಪ್ರತಿ ಶನಿವಾರ ಫಾದರ್ ಮುಂದೆ ಒಪ್ಪಿಕೊಂಡೆ.

ಮೂಡಿಗೆರೆ ರಸ್ತೆಯಲ್ಲಿ ಜೀಪ್ ಮಗುಚಿ ಕಾಲು ಮುರಿದುಕೊಂಡ ಪಕ್ಕದ ಮನೆಯ ಇಲಿಯಾಸ್, ಮೂಳೆ ಕೂಡಿದ ಮೇಲೂ ಹೆದರಿ ಹಾಸಿಗೆ ಬಿಡಲಿಲ್ಲ. ಎದ್ದು ನಡೆ ಎಂದು ಎರಡು ತಿಂಗಳು ಬೇಲಿಯ ಈಚೆ ನಿಂತು ಬೈದೆ. ಇವತ್ತು ಕೋಲೂರಿಕೊಂಡು ನನ್ನ ಬಾಗಿಲಿಗೇ ಬಂದ.

"ನಿಮ್ಮ ಬಾಯಿ ಮುಚ್ಸೋಕೆ ನಡ್ದು ಬಂದೆ ಅಜ್ಜೀ!"

"ಬಂದ್ಯಲ್ಲ ಮಾರಾಯ! ಕೂತ್ಕೊ, ಕಾಫಿ ಕುಡಿ. ಹೋಗುವಾಗ್ಲೂ ನಡ್ದೇ ಹೋಗ್ಬೇಕು."

ಅವನ ಹೆಂಡತಿ ಜಹೀರಾ ಬೇಲಿಯಾಚೆ ನಗುತ್ತ ಕಣ್ಣೊರೆಸಿಕೊಂಡಳು. ಸಂಜೆ ಫಾದರ್ ಮುಂದೆ ನಾಲಿಗೆಯ ಮಾತನ್ನೇ ಎತ್ತಲಿಲ್ಲ.

ಇನ್ನು ಯಾರನ್ನು ಬೈಯಲಿ ಸ್ವಾಮಿ? ಈ ತಿಂಗಳು ಮುಗಿಯುವ ಮೊದಲು ಉತ್ತರ ಕೊಡು. ಕಾಯಿಸಿದರೆ ಬೈಗುಳ ನಿನಗೇ.