ಕೊನೆಯ ಪುಟದಿಂದ ಹುಡುಕುತ್ತಿದ್ದವಳಿಗೆ

ನನ್ನ ಅಕ್ಕಾ,

ನಿನ್ನ ಹೆಸರಿಗೆ ಈ ತಿಂಗಳ ಪತ್ರಿಕೆ ಬಂದಿದೆ. ಎರಡು ದಿನವಾಯಿತು, ಸುತ್ತಿದ ಕಾಗದವನ್ನು ನಾನಿನ್ನೂ ಹರಿದಿಲ್ಲ. ಹರಿದರೆ ಹುಡುಕಬೇಕಾಗುತ್ತದೆ. ಹುಡುಕುವವಳು ನೀನು.

ಈ ವಿಜ್ಞಾನ ಕಥೆಗಳ ಪತ್ರಿಕೆ ನಮಗೆ ಮೊದಲು ಸಿಕ್ಕಿದ್ದು ನಾವಿಬ್ಬರೂ ಕೆಲಸಕ್ಕಿದ್ದ ಲಾಂಡ್ರಿಯಲ್ಲಿ, ಲಾಡ್ಜಿನಿಂದ ಒಗೆಯಲು ಬಂದ ಚಾದರಗಳ ಗಂಟಿನೊಳಗೆ. ಮುಖಪುಟದಲ್ಲಿ ಎರಡು ಸೂರ್ಯರಿದ್ದರು. "ಎರಡಿದ್ರೆ ಬಟ್ಟೆ ಬೇಗ ಒಣಗ್ತಿತ್ತು ಕಣೇ" ಎಂದು ನೀನು ನಕ್ಕೆ. ಊಟದ ಬಿಡುವಿನಲ್ಲಿ ಇಸ್ತ್ರಿ ಮೇಜಿನ ಪಕ್ಕ ಕೂತು ನಾನು ಓದುತ್ತಿದ್ದೆ, ನೀನು ಕೇಳುತ್ತಿದ್ದೆ. ಚಂದಾ ಚೀಟಿ ಕತ್ತರಿಸಿ ಕಳಿಸಿದವಳೂ ನೀನೇ. ಅಂದಿನಿಂದ ಮೇಸ್ತ್ರಿಯ ಬಾಯಲ್ಲಿ ನಿನ್ನ ಹೆಸರು ರಾಕೆಟ್ಟಮ್ಮ.

ನಾಲ್ಕನೇ ತರಗತಿಗೇ ಶಾಲೆ ಬಿಟ್ಟ ನಾನೂ ಒಂದು ಕಥೆ ಬರೆದೆ. ಚಂದ್ರನ ಮೇಲೆ ಚಾದರ ಮಡಚುವ ಹೆಂಗಸಿನ ಕಥೆ. ಅಲ್ಲಿ ಕೊಡವಿದ ಚಾದರ ಕೆಳಗಿಳಿಯಲು ಬಹಳ ಹೊತ್ತು ಬೇಕು. "ಅಯ್ಯೋ, ಅಷ್ಟು ದೂರ ಹೋದ್ರೂ ಮಡಚೋ ಕೆಲಸಾನೇನೇ? ಪಾಪ, ಒಂದಿನ ರಜೆ ಕೊಡೇ ಅವಳಿಗೆ" ಎಂದು ಗದರಿದೆ ನೀನು. ಆಮೇಲೆ ಲಕೋಟೆಗೆ ಅಂಚೆಚೀಟಿ ಅಂಟಿಸಿ ನನ್ನ ಕೈಗಿಟ್ಟೆ.

ಅಂಚೆ ಡಬ್ಬದ ಬಾಯಿಯವರೆಗೂ ಕೈ ಹೋಯಿತು ಅಕ್ಕಾ, ಬಿಡಲು ಆಗಲಿಲ್ಲ. ಆ ಪತ್ರಿಕೆಯಲ್ಲಿ ಬರೆಯುವವರೆಲ್ಲ ಓದಿದವರು. ನನ್ನ ಅಕ್ಷರ ನೋಡಿಯೇ ನಗುತ್ತಾರೆ ಅನ್ನಿಸಿತು. ಲಕೋಟೆಯನ್ನು ಚೀಲದಲ್ಲಿ ಅಡಗಿಸಿಕೊಂಡು ಬಂದು "ಹಾಕಿದೆ" ಎಂದುಬಿಟ್ಟೆ.

ಆಮೇಲೆ ಎರಡು ವರ್ಷ, ಪ್ರತಿ ತಿಂಗಳು, ನೀನು ಕೊನೆಯ ಪುಟದಿಂದ ನನ್ನ ಹೆಸರು ಹುಡುಕಿದೆ. ಹೊಸಬರ ಕಥೆ ಹಿಂದಿನ ಪುಟಗಳಲ್ಲೇ ಹಾಕುತ್ತಾರೆ ಎಂದು ನಿನ್ನ ಲೆಕ್ಕ. "ಈ ಸಲಾನೂ ಇಲ್ಲ. ಮುಂದಿನ ತಿಂಗಳು ಬರುತ್ತೆ ಬಿಡೇ" ಎಂದು ನನ್ನನ್ನೇ ಸಮಾಧಾನ ಮಾಡುತ್ತಿದ್ದೆ. ನಾನು ತಲೆ ತಗ್ಗಿಸುತ್ತಿದ್ದೆ. ನಾಚಿಕೆ ಎಂದುಕೊಂಡೆ ನೀನು.

ಆಸ್ಪತ್ರೆ ಸೇರಿದ ಮೇಲೂ ನೀನು ಬಿಡಲಿಲ್ಲ. "ದಾರೀಲಿ ಕಳೆದುಹೋಗಿರ್ಬೇಕು. ಇನ್ನೊಂದು ಪ್ರತಿ ಬರಿ. ಈ ಸಲ ರಜೆ ಮರೀಬೇಡ." ನಿನ್ನ ಮಂಚದ ಪಕ್ಕದಲ್ಲೇ ಕೂತು ಬರೆದೆ. ಕಥೆಯ ಕೊನೆಯಲ್ಲಿ ಅವಳು ಚಾದರವನ್ನು ಮಡಚದೆ ಹಾಸಿ, ಅದರ ಮೇಲೆ ತಾನೇ ಮಲಗುತ್ತಾಳೆ. "ಹೂಂ, ಈಗ ಸರಿ" ಎಂದೆ ನೀನು. ಅದನ್ನೂ ನಾನು ಹಾಕಲಿಲ್ಲ. ಹಾಕಿದೆ ಎಂದೆ.

ನೀನು ಹೋದ ಬೆಳಿಗ್ಗೆ ದಿಂಬಿನ ಕೆಳಗೆ ಪತ್ರಿಕೆ ಇತ್ತು. ನೀನು ಕೊನೆಯಿಂದ ಅರ್ಧದವರೆಗೆ ಹುಡುಕಿ, ಗುರುತಿಗೆ ಮೂಲೆ ಮಡಚಿಟ್ಟಿದ್ದೆ.

ಇವತ್ತು ಊಟದ ಬಿಡುವಿನಲ್ಲಿ ಹೋಗಿ ಆ ಎರಡನೇ ಪ್ರತಿ ಹಾಕಿ ಬಂದೆ. ನಿಜವಾಗಿ ಹಾಕಿದೆ ಅಕ್ಕಾ. ತಳಕ್ಕೆ ಬಿದ್ದ ಸದ್ದು ಕೇಳಿದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ. ಅವರು ಅಚ್ಚು ಹಾಕಲಿ, ಬಿಡಲಿ.

ಈಗ ಈ ಸಂಚಿಕೆಯ ಕಾಗದ ಹರಿಯುತ್ತೇನೆ. ಇದರಲ್ಲಿ ಇರುವುದಿಲ್ಲ ಎಂದು ಗೊತ್ತು. ಆದರೂ ಕೊನೆಯ ಪುಟದಿಂದಲೇ ನೋಡುತ್ತೇನೆ.

ಇನ್ನು ನೀನು ಹುಡುಕಬೇಡ. ನಿನಗೆ ರಜೆ. ಎಲ್ಲಿದ್ದರೂ ಕಾಲು ಚಾಚಿ, ನೆಮ್ಮದಿಯಾಗಿ ಮಲಗು.

ಎರಡು ಸಲ ಸುಳ್ಳು ಹೇಳಿದ
ನಿನ್ನ ತಂಗಿ