ಕಮಿಗಿನ್ ದ್ವೀಪದ ಅದೇ ಆರು ದಿನ

ಕ್ವೇಕರ್ಸ್ ಹಿಲ್, ಸಿಡ್ನಿ
ಸೋಮವಾರ, 15 ಸೆಪ್ಟೆಂಬರ್ 2025
ಅವಿಧವಾ ನವಮಿ

ನನ್ನ ಮಗಳ ಜಾಗಕ್ಕೆ ಬಂದು ನನಗೆ ಮಗಳೇ ಆಗಿಬಿಟ್ಟ ಸಂಯುಕ್ತಾ,

ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಕಾಗದವನ್ನು ನಿನ್ನ ಚೈಲ್ಡ್‌ಕೇರ್‌ನಲ್ಲೇ, ಊಟದ ಬಿಡುವಿನಲ್ಲಿ ಓದು. ಕ್ರಾನ್‌ಬರ್ನ್‌ನ ಮನೆಗೆ ಒಯ್ಯಬೇಡ. ಭಾಸ್ಕರನಿಗೆ ತೋರಿಸಬೇಡ. ಅವನ ಜೊತೆ ಆ ದ್ವೀಪಕ್ಕೆ ಹೋಗಬೇಡ.

ಈ ಕಾಲದಲ್ಲೂ ಕಾಗದ ಬರೆಯುವ ಮುದುಕಿ ಎಂದು ನಗುತ್ತೀಯೇನೋ. ವಾಟ್ಸಪ್ಪಿನಲ್ಲಿ ಎರಡು ಸಾಲು ಬರೆದು ಮುಗಿಸಬಹುದಿತ್ತು. ಆದರೆ ನಿನ್ನ ಫೋನಿನ ಪಾಸ್‌ವರ್ಡ್ ಅವನಿಗೂ ಗೊತ್ತು ಎಂದು ನೀನೇ ಹೆಮ್ಮೆಯಿಂದ ಹೇಳಿದ್ದೆ. 'ನಮ್ಮಿಬ್ಬರ ಮಧ್ಯೆ ಸೀಕ್ರೆಟ್ಸ್ ಇಲ್ಲ ಅಮ್ಮ' ಎಂದಿದ್ದೆ. ನನ್ನ ಮಗಳು ಶ್ರೀವಿದ್ಯಾ ಕೂಡ ಅವನ ಹೆಂಡತಿಯಾಗಿದ್ದಾಗ ಹೀಗೆಯೇ ಹೇಳಿಕೊಂಡು ಓಡಾಡುತ್ತಿದ್ದಳು. ಅದಕ್ಕೇ ವೇದಾವತಿಯ ಕೈಯಲ್ಲಿ ಕಳಿಸುತ್ತಿದ್ದೇನೆ. ನಮ್ಮ ಕನ್ನಡ ಸಂಘದವಳು, ಬ್ಲ್ಯಾಕ್‌ಟೌನ್‌ನಲ್ಲಿ ನರ್ಸ್. ತಂಗಿಯ ಮನೆಗೆಂದು ನಾಳೆ ಕಾರಿನಲ್ಲಿ ನಿಮ್ಮ ಮೆಲ್ಬರ್ನ್‌ಗೆ ಹೊರಟಿದ್ದಾಳೆ. ಚಕ್ಕುಲಿ ಡಬ್ಬಿಯ ತಳದಲ್ಲಿ, ರವಿಕೆ ಕಣದ ಮಡಿಕೆಯೊಳಗೆ ಇಟ್ಟಿದ್ದೇನೆ. ಚಕ್ಕುಲಿ ಮುರಿದಿದ್ದರೆ ಬೈಯಬೇಡ.

ಇವತ್ತು ಗಂಡನಿಗಿಂತ ಮೊದಲೇ, ಮುತ್ತೈದೆಯಾಗಿಯೇ ಹೋದ ಹೆಂಗಸರ ದಿನ. ಒಬ್ಬ ಮುತ್ತೈದೆಯನ್ನು ಕರೆದು ಅರಿಶಿನ ಕುಂಕುಮ ಕೊಟ್ಟು, ಊಟಕ್ಕೆ ಹಾಕಿ, ಸೀರೆ ಕೊಡಬೇಕು. ಮಾಡಬೇಕಾದವನು ಗಂಡ. ಭಾಸ್ಕರನಿಗೆ ಇದರಲ್ಲೆಲ್ಲ ನಂಬಿಕೆ ಇಲ್ಲವಂತೆ, ಹಾಗಾಗಿ ನಾನು ಮಾಡುತ್ತೇನೆ. ಹೋದ ವರ್ಷ ಆ ಮಣೆಯ ಮೇಲೆ ನೀನು ಕೂತಿದ್ದೆ, ಹೊಸ ಮದುಮಗಳು. ಊಟವಾದ ಮೇಲೆ ಶ್ರೀವಿದ್ಯಾಳ ಮಾಂಗಲ್ಯದ ಸರವನ್ನು ನಿನ್ನ ಕತ್ತಿಗೆ ಹಾಕಿದೆ. ನಮ್ಮ ಮನೆತನದಲ್ಲಿ ಹಾಗೆ, ಮೊದಲನೆಯವಳ ಸರ ಎರಡನೆಯವಳಿಗೆ ಬಂದರೆ ಹೋದವಳ ಹಾರೈಕೆಯೂ ಬರುತ್ತದೆ, ತವರೂ ಸಿಗುತ್ತದೆ. ನೀನು ಅವತ್ತಿನಿಂದ ನನ್ನನ್ನು ಅಮ್ಮ ಎನ್ನುತ್ತೀ. ಈ ವರ್ಷ ರಜೆಯೆಲ್ಲ ಟ್ರಿಪ್ಪಿಗೆ ಬೇಕು ಎಂದು ಅವನು ನಿನ್ನನ್ನು ಕಳಿಸಲಿಲ್ಲ. ಮಣೆಯ ಮೇಲೆ ವೇದಾವತಿ ಕೂತಳು. ಬಡಿಸುವಾಗ ಅವಳಿಗೆ ಅನ್ನ ಹಾಕುವುದನ್ನೇ ಮರೆತೆ.

ನಿನ್ನೆ ನೀನು ಫೋನಿನಲ್ಲಿ ಪಟ್ಟಿ ಓದಿದ್ದರಿಂದಲೇ ಹೀಗಾಗಿದೆ. ಸ್ಪೀಕರ್ ಹಾಕಿದ್ದೆ; ಭಾಸ್ಕರ ಪಕ್ಕದಲ್ಲಿ ಕೂತು ನಡುನಡುವೆ ತಿದ್ದುತ್ತಿದ್ದ. ಫಿಲಿಪ್ಪೀನ್ಸಿನಲ್ಲಿ ಕಮಿಗಿನ್ ಎಂಬ ಪುಟ್ಟ ದ್ವೀಪ. ಅಕ್ಟೋಬರಿನಲ್ಲಿ ಅಲ್ಲಿ ಲಾನ್ಸೋನೆಸ್ ಎಂಬ ಹಣ್ಣಿನ ಹಬ್ಬ. ಮೊದಲ ದಿನ ಆ ಹಬ್ಬ: ಬೀದಿಗೆಲ್ಲ ಹಣ್ಣಿನ ಗೊಂಚಲು ಕಟ್ಟಿರುತ್ತಾರೆ, ಜನ ಬಣ್ಣಬಣ್ಣದ ಬಟ್ಟೆ ತೊಟ್ಟು ಸಾಲಾಗಿ ಕುಣಿಯುತ್ತ ಬರುತ್ತಾರೆ. ಒಂದು ಕಾಲಕ್ಕೆ ಅದು ವಿಷದ ಹಣ್ಣಾಗಿತ್ತಂತೆ, ದೇವತೆಯೊಬ್ಬಳು ಬಂದು ಚಿವುಟಿದ ಮೇಲೆ ಸಿಹಿಯಾಯಿತಂತೆ. ಈ ಕಥೆಯನ್ನು ನೀನು ಎಷ್ಟು ಚೆನ್ನಾಗಿ ಹೇಳಿದೆ! ಎರಡನೆಯ ದಿನ ಜ್ವಾಲಾಮುಖಿ ಹಾಳುಮಾಡಿದ ಹಳೆಯ ಚರ್ಚು, ಬರೀ ಗೋಡೆ, ಮೇಲೆ ಆಕಾಶ. ಮೂರನೆಯ ದಿನ ಮುಳುಗಿದ ಸ್ಮಶಾನ. ಸಮುದ್ರದಲ್ಲಿ ದೊಡ್ಡ ಶಿಲುಬೆ ನಿಲ್ಲಿಸಿದ್ದಾರೆ, ಅದರ ಕೆಳಗೆ ನೀರೊಳಗೆ ಊರಿನವರ ಗೋರಿಗಳು. 'ಸನ್‌ಸೆಟ್ ಅಲ್ಲಿ ಸೂಪರ್ ಅಂತೆ ಅಮ್ಮ' ಎಂದೆ. ನಾಲ್ಕನೆಯ ದಿನ ಬಿಸಿನೀರಿನ ಬುಗ್ಗೆ, ಐದನೆಯ ದಿನ ಜಲಪಾತ. ಆರನೆಯ ದಿನ ಬೆಳಕು ಹರಿಯುವ ಮೊದಲೇ ದೋಣಿಯಲ್ಲಿ ವೈಟ್ ಐಲ್ಯಾಂಡಿಗೆ. ಮರವಿಲ್ಲ, ಮನೆಯಿಲ್ಲ, ನೀರಿನ ನಡುವೆ ಬರೀ ಬಿಳಿ ಮರಳು.

ಕೊನೆಗೆ ಭಾಸ್ಕರ ಎದ್ದು ಹೋದ ಮೇಲೆ ನೀನು ದನಿ ತಗ್ಗಿಸಿ, 'ಅಕ್ಕ ಹೋಗಿದ್ದು ಬೊರಕಾಯಲ್ಲಿ ಅಲ್ವಾ ಅಮ್ಮ, ಇದು ಅಲ್ಲಿಂದ ತುಂಬಾ ದೂರ ಅಂತೆ, ಬೇಜಾರು ಮಾಡ್ಕೋಬೇಡಿ' ಎಂದೆ. ನಾನು ಪಾಯಸ ಉಕ್ಕುತ್ತಿದೆ ಎಂದು ಫೋನ್ ಇಟ್ಟುಬಿಟ್ಟೆ. ಒಲೆ ಹಚ್ಚಿಯೇ ಇರಲಿಲ್ಲ.

ಸಂಯುಕ್ತಾ, ಶ್ರೀವಿದ್ಯಾ ಸತ್ತದ್ದು ಬೊರಕಾಯಲ್ಲಿ ಅಲ್ಲ. ಕಮಿಗಿನ್‌ನಲ್ಲಿ, ಅದೇ ವೈಟ್ ಐಲ್ಯಾಂಡಿನ ನೀರಿನಲ್ಲಿ. ಮರಣಪತ್ರದ ಜೆರಾಕ್ಸ್ ಈ ಕಾಗದದ ಜೊತೆ ಇದೆ, ನೋಡಿಕೋ. ಆ ಊರಿನ ಹೆಸರು ನನ್ನ ಬಾಯಲ್ಲಿ ಬರುವುದಿಲ್ಲ, ಅದಕ್ಕೇ ಅದನ್ನು ನಾನು ನಿನ್ನ ಮುಂದೆ ಯಾವತ್ತೂ ಹೇಳಿರಲಿಲ್ಲ. ಬೊರಕಾಯ್ ಎಂದು ನಿನ್ನನ್ನು ನಂಬಿಸಲು ಅವನಿಗೆ ಅದೇ ಅನುಕೂಲವಾಯಿತು.

ಮೂರು ವರ್ಷದ ಹಿಂದೆ ಅವಳೂ ಹೀಗೆಯೇ ಫೋನಿನಲ್ಲಿ ಪಟ್ಟಿ ಓದಿದ್ದಳು. ದಾವಣಗೆರೆಯಲ್ಲಿ ಮೂವತ್ತೊಂದು ವರ್ಷ ಟೀಚರಾಗಿದ್ದವಳು ನಾನು, ಯಾರಾದರೂ ಓದಿದರೆ ಬರೆದುಕೊಳ್ಳುವ ಚಾಳಿ. ಗೋಡೆಯ ಕ್ಯಾಲೆಂಡರಿನ ಅಕ್ಟೋಬರ್ ಹಾಳೆಯ ಹಿಂದೆ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೆ. ನಿನ್ನೆ ಆ ಹಾಳೆಯನ್ನು ಬೀರುವಿನಿಂದ ತೆಗೆದೆ. ಹಬ್ಬ, ಚರ್ಚು, ಸ್ಮಶಾನ, ಬುಗ್ಗೆ, ಜಲಪಾತ, ಮರಳು. ಒಂದೂ ಹಿಂದೆ ಮುಂದೆ ಆಗಿಲ್ಲ. ಪರೀಕ್ಷೆಯಲ್ಲಿ ಇಬ್ಬರ ಉತ್ತರ ಹೀಗೆ ಒಂದೇ ಇದ್ದರೆ ನಾನು ಇಬ್ಬರನ್ನೂ ಎಬ್ಬಿಸಿ ನಿಲ್ಲಿಸುತ್ತಿದ್ದೆ.

ಮಗ ಗಿರೀಶನಿಗೆ ತೋರಿಸಿದೆ. 'ಅಮ್ಮ, ಟೂರ್ ಪ್ಲಾನ್ ಎಲ್ಲಾ ಹಂಗೇ ಇರತ್ತೆ, ಆ ಐಲ್ಯಾಂಡಲ್ಲಿ ನೋಡೋದೇ ಅಷ್ಟು' ಎಂದ. ಬೊರಕಾಯ್ ಮಾತು ಕೇಳಿ ಮಾತ್ರ ಹಾಳೆಯನ್ನು ಮತ್ತೊಮ್ಮೆ ಓದಿದ. ಆಮೇಲೆ ಮೀಟಿಂಗ್ ಇದೆ ಎಂದು ಎದ್ದು ಹೋದ. ಅವನ ಮಾತೇ ನಿಜ ಎಂದುಕೊಳ್ಳೋಣ. ಆಗ ನೀನು ಕಳೆದುಕೊಳ್ಳುವುದು ಒಂದು ಪ್ರವಾಸ, ಅಷ್ಟೇ. ನನ್ನ ಭಯ ನಿಜವಾದರೆ?

ಶ್ರೀವಿದ್ಯಾ ಹೋದದ್ದು ನರಕ ಚತುರ್ದಶಿಯ ಬೆಳಗ್ಗೆ. ನಾನಿಲ್ಲಿ ಗಿರೀಶನ ತಲೆಗೆ ಎಣ್ಣೆ ಒತ್ತಿ ಬಿಸಿನೀರು ತೋಡಿಕೊಡುತ್ತಿದ್ದೆ. ಮಧ್ಯಾಹ್ನ ಫೋನ್ ಬಂತು. ಅಲ್ಲಿಯ ಪೊಲೀಸರಿಗೆ ಭಾಸ್ಕರ ಹೇಳಿದ್ದನ್ನೇ ನಮಗೂ ಹೇಳಿದ. ಒಂದು ಗಂಟೆ ಬಿಟ್ಟು ಬಾ ಎಂದು ದೋಣಿಯವನನ್ನು ಕಳಿಸಿದ್ದರಂತೆ. ಇವಳು ಈಜಲು ಇಳಿದಳಂತೆ. ಸೆಳೆತ ಎಳೆದುಕೊಂಡಿತಂತೆ. ನೀರಿಗೆ ಇಳಿಯುವುದು ಇದ್ದೇ ಇದೆಯಲ್ಲ ಎಂದು ಮಾಂಗಲ್ಯವನ್ನು ತಾನೇ ತೆಗೆದು ಹೋಟೆಲಿನ ಲಾಕರಿನಲ್ಲಿ ಇಟ್ಟು ಬಂದಿದ್ದಳಂತೆ. ಅಲ್ಲೇ ದಹನ ಮಾಡಿಸಿ, ಒಂದು ಕೈಯಲ್ಲಿ ಬೂದಿ, ಇನ್ನೊಂದು ಕೈಯಲ್ಲಿ ಆ ಸರ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದ. ಬಿಕ್ಕಿ ಬಿಕ್ಕಿ ಅತ್ತ. ನಾನೇ ಅವನನ್ನು ಸಮಾಧಾನ ಮಾಡಿದೆ.

ನನ್ನ ಮಗಳಿಗೆ ನೀರೆಂದರೆ ಆಗುತ್ತಿರಲಿಲ್ಲ. ಬಾಂಡೈ ಬೀಚಿನಲ್ಲಿ ಅಲೆ ಪಾದ ಮುಟ್ಟಿದರೆ ಚಪ್ಪಲಿ ಕೈಯಲ್ಲಿ ಹಿಡಿದು ಓಡಿ ಬರುತ್ತಿದ್ದಳು, ಮೂವತ್ತೆರಡು ವರ್ಷದ ಹೆಂಗಸು. ಅದನ್ನು ಕೇಳಿದ್ದಕ್ಕೆ ಅವನು, ಟ್ರಿಪ್ಪಿಗೆ ಮೊದಲು ಈಜಿನ ಕ್ಲಾಸಿಗೆ ಸೇರಿಸಿದ್ದೆ, ನಾಲ್ಕು ವಾರ ಹೋಗಿದ್ದಳು, ಧೈರ್ಯ ಬಂದಿತ್ತು ಎಂದ. ಸರಿ ಎಂದುಕೊಂಡೆ. ನಿನ್ನೆ ನೀನು ನಗುತ್ತ, 'ನಂಗೂ ಸ್ವಿಮ್ಮಿಂಗ್ ಕ್ಲಾಸ್ ಸೇರಿಸಿದಾರೆ ಅಮ್ಮ, ಎರಡು ಕ್ಲಾಸ್ ಆಯ್ತು, ಮೂಗಲ್ಲೆಲ್ಲ ನೀರು' ಎಂದೆ. ಈ ಕಾಗದವನ್ನು ಅವಸರದಲ್ಲಿ ಗೀಚುತ್ತಿದ್ದೇನೆ. ಅಕ್ಷರ ನೋಡಿದರೆ ನಿನಗೇ ಗೊತ್ತಾಗುತ್ತದೆ. ಬ್ಲ್ಯಾಕ್‌ಟೌನ್‌ನ ಭಾನುವಾರದ ಕನ್ನಡ ಶಾಲೆಯಲ್ಲಿ ಮಕ್ಕಳು ಹೀಗೆ ಬರೆದರೆ ಮತ್ತೆ ಬರೆಯಿರಿ ಎನ್ನುತ್ತೇನೆ.

ಇನ್ನು ನನ್ನ ಪಾಲಿನದು. ಇದನ್ನು ಬರೆಯದೆ ನಿನಗೆ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ.

ಆ ವರ್ಷ ಆಗಸ್ಟಿನಲ್ಲಿ ಶ್ರೀವಿದ್ಯಾ ಫೋನ್ ಮಾಡಿ, 'ನಾನು ನಿಮ್ಮಲ್ಲಿಗೆ ಬಂದ್ಬಿಡ್ತೀನಿ ಅಮ್ಮ, ನಂಗಿಲ್ಲಿ ಉಸಿರು ಕಟ್ಟತ್ತೆ' ಎಂದಳು. ಈ ದೇಶದಲ್ಲಿ ಕಾಯಂ ಇರಲು ಪಿಆರ್ ಬರುವ ತನಕ ತಡೆದುಕೋ ಎಂದೆ. ಅಷ್ಟಕ್ಕೇ ಬಿಟ್ಟಿದ್ದರೆ! ಹಿರಿಯಳು, ಸಂಸಾರ ಸರಿಮಾಡಬೇಕು ಎಂದು ಭಾಸ್ಕರನಿಗೆ ಫೋನ್ ಮಾಡಿದೆ. ಅವಳು ಬಿಟ್ಟುಬರುವ ಮಾತಾಡುತ್ತಿದ್ದಾಳೆ, ಸ್ವಲ್ಪ ಸಮಾಧಾನ ಮಾಡಿ ನೋಡಪ್ಪ ಎಂದೆ. ಅವನು, 'ನೀವು ಹೇಳಿದ್ದು ಒಳ್ಳೇದಾಯ್ತು ಅತ್ತೆ' ಎಂದ. ವಾರದೊಳಗೆ ಟಿಕೆಟ್ ಬುಕ್ ಮಾಡಿದ. ಹೆಂಡತಿಯನ್ನು ಹಬ್ಬ ತೋರಿಸಲು ಕರೆದುಕೊಂಡು ಹೋಗುತ್ತಾನೆ, ನಮ್ಮ ಅಳಿಯನಂಥವನು ಇಲ್ಲ ಎಂದು ಸಂಘದಲ್ಲೆಲ್ಲ ಹೇಳಿಕೊಂಡು ಬಂದೆ.

ಹೋದ ತಿಂಗಳು ನೀನು ಹೇಳಿದೆಯಲ್ಲ, ಸಿಡ್ನಿಯಲ್ಲಿ ಕೆಲಸಕ್ಕೆ ಅರ್ಜಿ ಹಾಕಿದ್ದೇನೆ, ಸಿಕ್ಕಿದರೆ ಸ್ವಲ್ಪ ಕಾಲ ನಿಮ್ಮ ಜೊತೆ ಇರುತ್ತೇನೆ, ಅವರಿಗೆ ಇನ್ನೂ ಹೇಳಿಲ್ಲ ಎಂದು. ನಾನು ಹೇಳಿಬಿಟ್ಟೆ, ಸಂಯುಕ್ತಾ. ಮತ್ತೆ ಅದೇ ಹಿರಿತನ, ಅದೇ ಬಾಯಿ. ಹುಡುಗಿ ನಂಬಿ ಹೇಳಿದ ಗುಟ್ಟನ್ನು ಗಂಡನ ಕಿವಿಗೆ ಹಾಕಿ ಮನೆ ಉಳಿಸುತ್ತೇವೆ ಎಂದುಕೊಳ್ಳುವುದು ನಮ್ಮಂಥವರ ಹಳೆಯ ರೋಗ. ಅವನು ಈ ಸಲವೂ, ನಾನು ಹೇಳಿದ್ದು ಒಳ್ಳೆಯದಾಯಿತು ಎಂದ. ಮರುವಾರ ನೀನು ಫೋನ್ ಮಾಡಿ, 'ಇವ್ರು ಈಗ ಎಷ್ಟು ಚೇಂಜ್ ಆಗಿದಾರೆ ಗೊತ್ತಾ, ಟ್ರಿಪ್ಪಿಗೆ ಟಿಕೆಟ್ ತೆಗೆದಿದಾರೆ' ಎಂದು ಕುಣಿದೆ. ನನಗೆ ಆಗಲೇ ಹೊಳೆಯಬೇಕಿತ್ತು. ನಿನ್ನ ಕ್ಷಮೆ ಆಮೇಲೆ ಕೇಳುತ್ತೇನೆ, ನೀನು ನನ್ನ ಎದುರಿಗೆ ಕೂತಿರುವಾಗ.

ಈಗ ನಾನು ಹೇಳಿದ ಹಾಗೆ ಮಾಡು. ಮನೆಯಲ್ಲಿ ಜಗಳ ಬೇಡ, ಪ್ರಶ್ನೆ ಬೇಡ. ಬೊರಕಾಯ್ ಮಾತೆತ್ತಬೇಡ. ಪ್ರವಾಸದ ಬಟ್ಟೆ ಜೋಡಿಸುತ್ತ ಮೊದಲಿನ ಹಾಗೇ ನಗುನಗುತ್ತ ಇರು. ಶುಕ್ರವಾರ ಹನ್ನೆರಡು ಗಂಟೆಗೆ ವೇದಾವತಿ ನಿನ್ನ ಚೈಲ್ಡ್‌ಕೇರ್‌ನ ಗೇಟಿನ ಹತ್ತಿರ ಕಾರು ನಿಲ್ಲಿಸಿರುತ್ತಾಳೆ. ಪಾಸ್‌ಪೋರ್ಟನ್ನು ಊಟದ ಚೀಲದಲ್ಲಿ ಹಾಕಿಕೊಂಡು ಬಾ. ಅದು ಅವನ ಹತ್ತಿರ ಇದ್ದರೆ ಬಿಟ್ಟು ಬಾ. ನೀನು ಬಂದರೆ ಸಾಕು. ಇಲ್ಲಿಗೆ ಬಂದ ಮೇಲೆ ಇಬ್ಬರೂ ಕೂಡಿ ಪೊಲೀಸರ ಹತ್ತಿರ ಹೋಗೋಣ. ಗಿರೀಶ ಬಂದರೆ ಬರಲಿ, ಬಿಟ್ಟರೆ ಬಿಡಲಿ.

ಗುರುವಾರ ಸಂಜೆ ನನಗೆ ಫೋನ್ ಮಾಡು, ಅವನು ಪಕ್ಕದಲ್ಲೇ ಇರಲಿ. ಹೆಸರುಬೇಳೆ ಪಾಯಸಕ್ಕೆ ಬೆಲ್ಲ ಎಷ್ಟು ಎಂದು ಕೇಳು. ನೀನು ಬರುತ್ತೀ ಎಂದು ನನಗೆ ತಿಳಿಯುತ್ತದೆ. ಕೇಳದೇ ಇದ್ದರೆ ಶುಕ್ರವಾರ ನಾನೇ ವಿಮಾನ ಹತ್ತಿ ನಿಮ್ಮ ಬಾಗಿಲಿಗೆ ಬರುತ್ತೇನೆ. ಈ ಸಲ ಅವನಿಗೆ ಮೊದಲೇ ಫೋನ್ ಮಾಡಿ ಹೇಳುವುದಿಲ್ಲ.

ವೇದಾವತಿಗೆ ಎಲ್ಲ ಹೇಳಿದ್ದೇನೆ, ಒಂದನ್ನು ಬಿಟ್ಟು.

ನಿನಗಾಗಿ ಮಣೆ ತೆಗೆಯದೆ ಹಾಗೇ ಇಟ್ಟುಕೊಂಡು ಕೂತಿರುವ,
ಅನಸೂಯಾ

ಮರೆತು ಬಿಟ್ಟದ್ದಲ್ಲ, ಧೈರ್ಯ ಸಾಲದೆ ಬಿಟ್ಟದ್ದು:

ಶ್ರೀವಿದ್ಯಾಳ ಸರವನ್ನು ಭಾಸ್ಕರ ಒಂದು ಕವರಿನಲ್ಲಿ ಹಾಕಿ ಅಂಟಿಸಿ ಕೊಟ್ಟಿದ್ದ. ಎರಡು ವರ್ಷ ಅದನ್ನು ಬಿಚ್ಚಲು ನನಗೆ ಮನಸ್ಸು ಬರಲಿಲ್ಲ. ಹೋದ ವರ್ಷ ನಿನಗೆ ಹಾಕಬೇಕೆಂದು ಬಿಚ್ಚಿದೆ. ಸರ ಹರಿದಿತ್ತು. ಕೊಂಡಿ ಹಾಕಿದ್ದು ಹಾಕಿದ ಹಾಗೇ ಇತ್ತು, ಪಕ್ಕದಲ್ಲಿ ಕರಿಮಣಿಯ ಹತ್ತಿರ ತುಂಡಾಗಿತ್ತು. ತಾನಾಗಿ ಸರ ತೆಗೆದಿಡುವವಳು ಕೊಂಡಿ ಬಿಚ್ಚುವುದಿಲ್ಲವೇ? ಹ್ಯಾರಿಸ್ ಪಾರ್ಕಿನ ಅಕ್ಕಸಾಲಿ ಅದನ್ನು ದೀಪಕ್ಕೆ ಹಿಡಿದು ನೋಡಿ, ಇದು ಸವೆದು ಹೋಗಿದ್ದಲ್ಲ ಆಂಟಿ, ಯಾರೋ ಜಗ್ಗಿದ್ದಾರೆ ಎಂದು ಹಿಂದಿಯಲ್ಲಿ ಹೇಳಿದ. ನನಗೆ ಹಿಂದಿ ಬರುವುದಿಲ್ಲ ಎನ್ನುವವಳ ಹಾಗೆ ನಿಂತೆ. ಹರಿದ ಮಾಂಗಲ್ಯವನ್ನು ಮುತ್ತೈದೆಯ ಕತ್ತಿಗೆ ಹಾಕುವುದು ಅಪಶಕುನ ಎಂಬುದೊಂದೇ ಆಗ ನನ್ನ ತಲೆಯಲ್ಲಿ ಇದ್ದದ್ದು. ಬೆಸೆಯಿಸಿ, ಉಜ್ಜಿಸಿ, ಹೊಳೆಯುವ ಹಾಗೆ ಮಾಡಿಸಿ ತಂದೆ. ನನ್ನ ಮಗಳು ಬಿಟ್ಟುಹೋದ ಒಂದೇ ಸಾಕ್ಷಿಯನ್ನು ನಾನೇ ಅಳಿಸಿದೆ. ತಾಳಿಯಿಂದ ಮೇಲೆ, ಬಲಗಡೆ ಬೆರಳಾಡಿಸು. ಬೆಸುಗೆಯ ಸಣ್ಣ ಗಂಟು ಸಿಗುತ್ತದೆ.

ಅವತ್ತು ನಾನು ಅದನ್ನು ನಿನಗೆ ಹಾಕಿದಾಗ ಭಾಸ್ಕರ ಹತ್ತಿರ ಬಂದು ಸರವನ್ನು ಬೆರಳಿನಲ್ಲಿ ಎತ್ತಿ ನೋಡಿದ, ನೆನಪಿದೆಯೇ? ನೀನು ಕೈ ತೊಳೆಯಲು ಒಳಗೆ ಹೋದೆ. ಅವನು ನನ್ನ ಕಡೆ ತಿರುಗಿ, 'ಸರಿ ಮಾಡಿಸಿದ್ರಾ ಅತ್ತೆ? ಒಳ್ಳೇದಾಯ್ತು' ಎಂದ. ಸರ ಹರಿದಿದೆ ಎಂದು ಅವನು ನನಗೆ ಯಾವತ್ತೂ ಹೇಳಿರಲಿಲ್ಲ. ನಾನೂ ಅವನಿಗೆ ಹೇಳಿರಲಿಲ್ಲ.

ಶುಕ್ರವಾರ ಅದನ್ನು ಹಾಕಿಕೊಂಡೇ ಬಾ.